ಏಳು ಗೊಂಬೆ, ಎರಡು ಪೆಟ್ಟಿಗೆ: ಚನ್ನಪಟ್ಟಣದಿಂದ ಮೆಲ್ಬರ್ನ್‌ಗೆ

ಕೆಲಸ ಇಷ್ಟು. ಚನ್ನಪಟ್ಟಣದ ಅರಗಿನ ಗೊಂಬೆಗಳ ಒಂದು ದಸರಾ ಸೆಟ್ಟು ಆನ್‌ಲೈನ್‌ನಲ್ಲಿ ಮಾರಾಟವಾಗಿದೆ. ಕೊಂಡವರು ಮೆಲ್ಬರ್ನ್‌ನಲ್ಲಿರುವ ಕನ್ನಡದ ಕುಟುಂಬ. ನವರಾತ್ರಿಗೆ ಮೊದಲು ಅವರ ಮನೆ ಮುಟ್ಟಬೇಕು, ಮುಟ್ಟಿದಾಗ ಅಂಬಾರಿಯ ಕಳಶ ಅಂಬಾರಿಯ ಮೇಲೇ ಇರಬೇಕು.

ಸೆಟ್ಟಿನಲ್ಲಿ ಏಳು ಗೊಂಬೆ. ರಾಜ-ರಾಣಿಯ ಪಟ್ಟದ ಜೋಡಿ, ತಲಾ 15 ಸೆಂಟಿಮೀಟರ್ ಎತ್ತರ. ಒಂದು ಆನೆ, ಅದರ ಅಂಬಾರಿ ಬಿಡಿಸಿ ತೆಗೆಯಬಹುದು. ನಾಲ್ವರು ವಾದ್ಯದವರು, ಎಂಟು ಸೆಂಟಿಮೀಟರಿನವರು. ಎಲ್ಲ ಸೇರಿ ತೂಕ ಸುಮಾರು 850 ಗ್ರಾಂ. ಮುರಿಯುವ ಜಾಗಗಳು ನೋಡಿದರೇ ಗೊತ್ತಾಗುತ್ತವೆ: ಆನೆಯ ಸೊಂಡಿಲು, ಅಂಬಾರಿಯ ಕಳಶ, ರಾಜನ ಕಿರೀಟದ ತುದಿ, ನಾದಸ್ವರದವನ ಕೈಯಲ್ಲಿರುವ ಕಡ್ಡಿಯಂಥ ವಾದ್ಯ.

ಪೆಟ್ಟಿಗೆ ಕಟ್ಟುವ ಮೊದಲು ಒಂದು ಮಾತು. ಪಟ್ಟದ ಗೊಂಬೆಯನ್ನು ರಕ್ತಚಂದನದಲ್ಲಿ ಮಾಡುವ ರೂಢಿ ಹಳೆಯದು. ಆದರೆ ರಕ್ತಚಂದನ ಸೈಟಿಸ್ ಒಪ್ಪಂದದ, ಅಂದರೆ ಅಳಿವಿನ ಭಯವಿರುವ ಗಿಡ-ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದದ, ಎರಡನೇ ಅನುಬಂಧದಲ್ಲಿರುವ ಮರ. ಅದರಲ್ಲಿ ಮಾಡಿದ ಗೊಂಬೆಯನ್ನು ಸುಮ್ನೆ ಪೊಟ್ಟಣ ಕಟ್ಟಿ ಹೊರದೇಶಕ್ಕೆ ಹಾಕಲು ಆಗುವುದಿಲ್ಲ. ಅಜ್ಜಿ ಕಾಲದ ಗೊಂಬೆ ಮಾರುತ್ತೇನೆ ಎನ್ನುವವರೂ ಹುಷಾರಾಗಿರಬೇಕು. ನೂರು ವರ್ಷ ದಾಟಿದ ಕಲಾವಸ್ತು 1972ರ ಪುರಾತನ ವಸ್ತುಗಳ ಕಾಯಿದೆಯಡಿ ಬರುತ್ತದೆ, ಖಾಸಗಿಯವರು ಅದನ್ನು ರಫ್ತು ಮಾಡುವಂತಿಲ್ಲ. ನಮ್ಮ ಸೆಟ್ಟು ಹೊಸದು, ಆಲೆ ಮರದ್ದು. ಕೆಲವರು ಹಾಲೆ ಮರ ಎನ್ನುತ್ತಾರೆ. ಚನ್ನಪಟ್ಟಣದವರು ಲೇತಿಗೆ ಹಾಕುವುದು ಹೆಚ್ಚಾಗಿ ಇದನ್ನೇ. ಮೆತ್ತಗಿನ, ಬಿಳಿಯ, ನಯವಾಗಿ ಕಡೆಯಬಹುದಾದ ಮರ.

ಅಳತೆಯ ಲೆಕ್ಕ

ಮೊದಲು ನಿರ್ಧಾರವಾಗಬೇಕಾದದ್ದು ಪೆಟ್ಟಿಗೆಯ ಗಾತ್ರ ಅಲ್ಲ, ಯಾವ ಸೇವೆಯಲ್ಲಿ ಕಳಿಸುವುದು ಎಂಬುದು. ಅಂಚೆಯ ಅಂತರರಾಷ್ಟ್ರೀಯ ಸಣ್ಣ ಪ್ಯಾಕೆಟ್ಟಿಗೆ ವಿಶ್ವ ಅಂಚೆ ಒಕ್ಕೂಟದ ಮಿತಿ ಇದೆ. ತೂಕ 2 ಕೆಜಿ. ಉದ್ದ, ಅಗಲ, ಎತ್ತರ ಮೂರನ್ನೂ ಕೂಡಿದರೆ 90 ಸೆಂಟಿಮೀಟರ್ ದಾಟಬಾರದು, ಯಾವ ಒಂದು ಬದಿಯೂ 60 ಮೀರಬಾರದು. ಈ ಮೂರು ಸಂಖ್ಯೆಯನ್ನು ಗೋಡೆಗೆ ಅಂಟಿಸಿಕೊಂಡು ಕೆಲಸ ಶುರು ಮಾಡಿದೆ.

ಖಾಸಗಿ ಕೊರಿಯರ್‌ನ ಲೆಕ್ಕ ಬೇರೆ. ಅವರು ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಬರುವ ಉತ್ತರ ನಿಜ ತೂಕಕ್ಕಿಂತ ಜಾಸ್ತಿ ಇದ್ದರೆ ಅದಕ್ಕೇ ಹಣ. ನಾನು ಕಟ್ಟಿದ ಪೆಟ್ಟಿಗೆಯ ಹೊರ ಅಳತೆ 33.5, 25.5, 26.5. ಕೂಡಿದರೆ 85.5, ಅಂಚೆಯ ಮಿತಿಯೊಳಗೆ ಬಂತು. ಗುಣಿಸಿ 5000ದಿಂದ ಭಾಗಿಸಿದರೆ ನಾಲ್ಕೂವರೆ ಕೆಜಿ! ತಕ್ಕಡಿಯಲ್ಲಿ ಅದು ಒಂದೂಮುಕ್ಕಾಲು ಕೆಜಿಯೂ ತೂಗುವುದಿಲ್ಲ. ಗೊಂಬೆಯಂಥ ಹಗುರ, ಆದರೆ ಸುತ್ತ ಮೆತ್ತೆ ಬೇಕಾದ ಸಾಮಾನಿಗೆ ಕೊರಿಯರ್‌ನವರು ಗಾಳಿಯನ್ನೂ ತೂಗಿ ದುಡ್ಡು ತಗೊಳ್ಳುತ್ತಾರೆ. ಹಾಗಂತ ದುಡ್ಡು ಉಳಿಸಲು ಪೆಟ್ಟಿಗೆ ಚಿಕ್ಕದು ಮಾಡಿದರೆ ಸೊಂಡಿಲು ಹೋಗುತ್ತದೆ. ಅದಕ್ಕೇ ಈ ಸಾಮಾನಿಗೆ ಟ್ರ್ಯಾಕಿಂಗ್ ಇರುವ ಅಂಚೆ ಪ್ಯಾಕೆಟ್ಟೇ ಸರಿ. ಹಿತ್ತಾಳೆ ದೀಪವೋ ಬೀದರಿನ ಬಿದ್ರಿ ಹೂದಾನಿಯೋ ಆಗಿದ್ದರೆ ಗಾತ್ರ ಚಿಕ್ಕದು, ತೂಕ ಹೆಚ್ಚು, ಆಗ ಲೆಕ್ಕ ತಿರುಗುತ್ತದೆ.

ಅರಗಿಗೆ ಏನು ತಾಗಬಹುದು

ಹೆಚ್ಚಿನವರು ಮೊದಲು ಬಬಲ್ ರ‍್ಯಾಪ್ ತೆಗೆಯುತ್ತಾರೆ. ಅರಗಿನ ಗೊಂಬೆಗೆ ಅದನ್ನು ನೇರವಾಗಿ ಸುತ್ತಲೇಬಾರದು.

ಲೇತಿನ ಮೇಲೆ ಬಣ್ಣ ಹಚ್ಚುವುದನ್ನು ಒಮ್ಮೆ ನೋಡಿದರೆ ಕಾರಣ ಗೊತ್ತಾಗುತ್ತದೆ. ಅಲ್ಲಿ ಬ್ರಷ್ಷೂ ಇಲ್ಲ, ಪೇಂಟೂ ಇಲ್ಲ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹರಡುತ್ತದೆ, ಆಮೇಲೆ ಎಲೆಯಿಂದ ಉಜ್ಜಿ ಹೊಳಪು ತರುತ್ತಾರೆ. ಬಿಸಿಯಿಂದ ಅಂಟಿದ್ದು ಬಿಸಿಗೆ ಮತ್ತೆ ಮೆತ್ತಗಾಗುತ್ತದೆ, ಅಲ್ವಾ? ಅರಗು 65ರಿಂದ 80 ಡಿಗ್ರಿಯ ನಡುವೆ ಮೆದುವಾಗಿ ಕರಗುವ ವಸ್ತು. ಬಿಸಿಲಲ್ಲಿ ನಿಂತ ಮುಚ್ಚಿದ ಲಾರಿಯೊಳಗಿನ ಶಾಖ ಅದರ ಹತ್ತಿರಕ್ಕೇ ಹೋಗುತ್ತದೆ. ಮೇಲಿಂದ ಒತ್ತಡವೂ ಇದ್ದರೆ ಬಬಲ್‌ನ ಗುಳ್ಳೆಗಳ ಅಚ್ಚು ರಾಣಿಯ ಸೆರಗಿನ ಮೇಲೆ ಬೀಳುತ್ತದೆ.

ಗೊಂಬೆ ಕಡೆದುಕೊಡುವ ಅಣ್ಣನಿಗೆ ಇದೆಲ್ಲ ಮೊದಲೇ ಗೊತ್ತಿತ್ತು.

"ಅಕ್ಕಾ, ಪ್ಲಾಸ್ಟಿಕ್ ಸುತ್ತಿ ಬಿಸಿಲಿಗೆ ಇಡ್ಬೇಡಿ. ಬಣ್ಣ ಹೋಗಲ್ಲ, ಹೊಳಪು ಹೋಗುತ್ತೆ."

"ಪೇಪರ್ ಸುತ್ತಿದ್ರೆ?"

"ನ್ಯೂಸ್ ಪೇಪರ್ ಬೇಡ. ಹಳದಿ ಮೇಲೆ ಅಕ್ಷರ ಕೂರುತ್ತೆ."

ಪರೀಕ್ಷೆ ಮಾಡಿಯೇ ನೋಡೋಣ ಎಂದು ಅವರ ಹತ್ತಿರ ಸೆಕೆಂಡ್ಸ್ ಮಾಲು ಕೇಳಿ ತಂದೆ. ಅಂದರೆ ಚಕ್ಕೆ ಎದ್ದ, ಬಣ್ಣ ಸರಿ ಕೂರದ ಗೊಂಬೆಗಳು. ಪರೀಕ್ಷೆಗೆ ಅವೇ ಬೇಕು, ಒಳ್ಳೆಯ ಗೊಂಬೆಯನ್ನು ಯಾರು ಎತ್ತಿ ಹಾಕುತ್ತಾರೆ? ಒಂದಕ್ಕೆ ಬಬಲ್ ರ‍್ಯಾಪ್, ಒಂದಕ್ಕೆ ನ್ಯೂಸ್ ಪೇಪರ್, ಒಂದಕ್ಕೆ ತೆಳು ಹತ್ತಿ ಬಟ್ಟೆ, ಒಂದಕ್ಕೆ ಕೇಕ್ ಮಾಡುವವರು ಟ್ರೇಗೆ ಹಾಸುವ ನುಣುಪಾದ ಬೇಕಿಂಗ್ ಪೇಪರ್. ನಾಲ್ಕನ್ನೂ ತಗಡಿನ ಡಬ್ಬಿಯಲ್ಲಿಟ್ಟು, ಮೇಲೆ ಒಂದು ಇಟ್ಟಿಗೆ ಹೇರಿ, ಮಟಮಟ ಮಧ್ಯಾಹ್ನ ತಾರಸಿಗೆ ಒಯ್ದೆ.

ಸಂಜೆ ಬಿಚ್ಚಿದಾಗ ಬಬಲ್ ಸುತ್ತಿದ್ದರ ಮೇಲೆ ಸಾಲಾಗಿ ವೃತ್ತಗಳು. ನ್ಯೂಸ್ ಪೇಪರಿನ ಕಪ್ಪು ಹಳದಿಗೆ ಹತ್ತಿತ್ತು, ಕೆಂಪಿನ ಮೇಲೆ ಅಷ್ಟಾಗಿ ಕಾಣಲಿಲ್ಲ. ಬಟ್ಟೆಯ ನೇಯ್ಗೆಯ ಗುರುತು ಬೆಳಕಿಗೆ ಓರೆ ಹಿಡಿದರೆ ಮಾತ್ರ ಕಾಣುವಷ್ಟು. ಬೇಕಿಂಗ್ ಪೇಪರ್ ಏನೂ ಮಾಡಿರಲಿಲ್ಲ. ಅದಕ್ಕೆ ಅಂಟದ ಸಿಲಿಕೋನ್ ಲೇಪ ಇರುತ್ತದೆ, ಮೈಯೂ ನಯ. ಹಾಗಾಗಿ ಗೊಂಬೆಯ ಮೈಗೆ ಮೊದಲ ಸುತ್ತು ಅದೇ. ಬಬಲ್ ಬೇಕೆಂದರೆ ಅದರ ಹೊರಗೆ, ಗುಳ್ಳೆ ಹೊರಮುಖವಾಗಿ. ಅಂಗಡಿಯಲ್ಲಿ ಬಟರ್ ಪೇಪರ್ ಎಂದು ಕೇಳಿದರೆ ಮೇಣ ಹಚ್ಚಿದ್ದನ್ನೂ ಕೊಡುತ್ತಾರೆ. ಅದು ಬೇಡ, ಮೇಣವೂ ಬಿಸಿಗೆ ಕರಗುವುದೇ.

ಒಳಪೆಟ್ಟಿಗೆ

ಒಳಗಿನದು ಮೂರು ಪದರದ ರಟ್ಟು, 22, 14, 15 ಸೆಂಟಿಮೀಟರ್. ಎರಡು ಅಂತಸ್ತು. ಕೆಳಗೆ ಒಂಬತ್ತು ಸೆಂಟಿಮೀಟರ್ ಎತ್ತರದಲ್ಲಿ ಆನೆ ಮತ್ತು ವಾದ್ಯದವರು, ಮೇಲೆ ಆರು ಸೆಂಟಿಮೀಟರಿನಲ್ಲಿ ರಾಜ-ರಾಣಿ ಮಲಗಿರುತ್ತಾರೆ. ಭಾರ ಕೆಳಗೇ ಇರಲಿ ಎಂದು ಆನೆ ಕೆಳಗೆ.

ಕೆಳಗಿನ ಅಂತಸ್ತನ್ನು ರಟ್ಟಿನ ಪಟ್ಟಿಯಿಂದ ಭಾಗ ಮಾಡಿದೆ. ಆನೆಗೆ 12 ಸೆಂಟಿಮೀಟರ್ ಉದ್ದದ ಕೋಣೆ. ಉಳಿದ ಹತ್ತರಲ್ಲಿ ನಾಲ್ಕು ಗೂಡು, ತಲಾ 5ಕ್ಕೆ 7. ಪಟ್ಟಿಗಳಿಗೆ ಅರ್ಧದವರೆಗೆ ಸೀಳು ಹಾಕಿ ಒಂದರೊಳಗೊಂದು ಕೂರಿಸಿದರೆ ಅಂಟೇ ಬೇಡ. ಕತ್ತರಿಸುವಾಗ ರಟ್ಟಿನ ಒಳಗಿನ ಅಲೆಗಳು ಮೇಲಿಂದ ಕೆಳಕ್ಕೆ ನಿಲ್ಲುವಂತೆ ನೋಡಿಕೊಳ್ಳಬೇಕು. ಅಲೆ ನಿಂತಿದ್ದರೆ ಪಟ್ಟಿ ಕಂಬದ ಹಾಗೆ ಭಾರ ಹೊರುತ್ತದೆ, ಅಡ್ಡ ಮಲಗಿದರೆ ಮಡಚಿಕೊಳ್ಳುತ್ತದೆ. ಹೊರಪೆಟ್ಟಿಗೆ ಕೊಳ್ಳುವಾಗಲೂ ಇದನ್ನೇ ನೋಡುವುದು.

ಆನೆಯ ಕೋಣೆಯಲ್ಲಿ ಇಡೀ ಕೆಲಸದ ತಿರುಳು ಸಿಕ್ಕಿತು. ಮೊದಲು ಎಲ್ಲರೂ ಮಾಡುವಂತೆ ಸುತ್ತಲೂ ಪೇಪರ್ ತುರುಕಿದ್ದೆ, ಸೊಂಡಿಲಿನ ಕೆಳಗೂ. ಅಲುಗಾಡದಂತೆ ಬಿಗಿಯಾಗಿ ಕೂತಿತ್ತು. ಬೀಳಿಸುವ ಪರೀಕ್ಷೆಯಲ್ಲಿ ಸೊಂಡಿಲೇ ಮುರಿಯಿತು. ಯೋಚಿಸಿದರೆ ಆಶ್ಚರ್ಯ ಇಲ್ಲ. ಪೆಟ್ಟಿಗೆ ಮೂತಿ ಅಡಿಯಾಗಿ ಬಿದ್ದಾಗ ಆನೆಯ ಇಡೀ ತೂಕ ಮುಂದಕ್ಕೆ ಬರುತ್ತದೆ. ಮುಂದೆ ಮೊದಲು ಸಿಗುವುದು ಸೊಂಡಿಲು. ಅದರ ಮುಂದೆ ಬಿಗಿಯಾದ ಪೇಪರ್ ಇದ್ದರೆ ಸೊಂಡಿಲೇ ಆನೆಯನ್ನು ಹೊರಬೇಕು.

ಹಾಗಾಗಿ ತಿರುಗಾಮುರುಗಾ ಮಾಡಿದೆ. ರಟ್ಟಿನ ಎರಡು ಅಡ್ಡಪಟ್ಟಿಗೆ ಆನೆಯ ಹೊಟ್ಟೆಯ ಬಾಗಿಗೆ ಸರಿಯಾಗಿ ಗುಂಡಗೆ ಕತ್ತರಿ ಹಾಕಿ ಒಂದು ತೊಟ್ಟಿಲಿನಂತೆ ಮಾಡಿ, ಆನೆಯನ್ನು ಅದರ ಮೇಲೆ ಕೂರಿಸಿದೆ. ಕಾಲು ನೆಲ ಮುಟ್ಟುವುದಿಲ್ಲ. ಎದೆಯ ಮುಂದೆ ಒಂದು, ಹಿಂಭಾಗಕ್ಕೆ ಒಂದು ಆನಿಕೆ. ಸೊಂಡಿಲಿನ ಸುತ್ತ ಏನೂ ಇಲ್ಲ, ಬರೀ ಗಾಳಿ. ಗಟ್ಟಿ ಜಾಗ ಭಾರ ಹೊರಲಿ, ಸೂಕ್ಷ್ಮ ಜಾಗಕ್ಕೆ ಯಾವುದೂ ತಾಗದಿರಲಿ. ಆಮೇಲೆ ಪ್ರತಿ ಗೊಂಬೆಗೂ ಇದೇ ಪ್ರಶ್ನೆ ಕೇಳಿದೆ: ಬಿದ್ದರೆ ನಿನ್ನ ಭಾರ ಎಲ್ಲಿಗೆ ಬರುತ್ತದೆ? ರಾಜನಿಗೆ ಕುತ್ತಿಗೆಯ ಕೆಳಗೆ ಮತ್ತು ಪೀಠದ ಹತ್ತಿರ ಎರಡು ಆನಿಕೆ, ಕಿರೀಟ ಬಯಲಲ್ಲಿ. ನಾದಸ್ವರದವನಿಗೆ ಬೆನ್ನ ಕಡೆಯಿಂದ ಮತ್ತು ಎರಡು ಭುಜಗಳಿಂದ ಒತ್ತು, ಎದುರಿಗೆ ಖಾಲಿ. ಅಂಬಾರಿ ಬಿಡಿಸಿ ಮೇಲಂತಸ್ತಿನಲ್ಲಿ ರಾಣಿಯ ಕಾಲ ಬಳಿ ಉಳಿದ ಜಾಗದಲ್ಲಿ, ತಲೆಕೆಳಗಾಗಿ ಅಲ್ಲ, ತಳ ಕೆಳಗೇ.

ಒಳಪೆಟ್ಟಿಗೆಗೆ ಸಿಲಿಕಾ ಜೆಲ್‌ನ ಎರಡು ಪುಟ್ಟ ಪೊಟ್ಟಣ, ಕೊಂಡವರ ವಿಳಾಸ ಮತ್ತು ನನ್ನ ವಿಳಾಸ ಬರೆದ ಒಂದು ಚೀಟಿ. ಹೊರಗಿನ ಲೇಬಲ್ ಕಿತ್ತುಹೋದರೆ ಪೆಟ್ಟಿಗೆ ತೆರೆದು ನೋಡುವ ಅಂಚೆಯವರಿಗೆ ಸಿಗುವುದು ಆ ಚೀಟಿ ಮಾತ್ರ. ಮಳೆಗಾಲವಾದ್ದರಿಂದ ಇಡೀ ಒಳಪೆಟ್ಟಿಗೆಯನ್ನು ದಪ್ಪ ಪಾಲಿಥಿನ್ ಚೀಲಕ್ಕೆ ಹಾಕಿ ಬಾಯಿ ಮಡಚಿ ಟೇಪ್ ಹಚ್ಚಿದೆ.

ಹೊರಪೆಟ್ಟಿಗೆ, ಮೆತ್ತೆ, ಟೇಪು

ಹೊರಗಿನದು ಐದು ಪದರದ್ದು, ಹೊಸದು. ಒಳಗಿನ ಅಳತೆ 32, 24, 25. ಅಂದರೆ ಒಳಪೆಟ್ಟಿಗೆಯ ಸುತ್ತ ಆರೂ ಕಡೆ ಐದು ಸೆಂಟಿಮೀಟರ್ ಜಾಗ. ಮೂರು ಪದರದ್ದಾಗಿದ್ದರೆ ಇನ್ನೂರು ಗ್ರಾಂ ಉಳಿಯುತ್ತಿತ್ತು, ನಿಜ. ಆದರೆ ರಟ್ಟು ತೇವ ಹೀರಿದರೆ ಅದರ ಬಲ ಇಳಿಯುತ್ತದೆ. ಜುಲೈ-ಆಗಸ್ಟಿನ ಗಾಳಿಯಲ್ಲಿ, ಮೇಲೆ ಹತ್ತಾರು ಪಾರ್ಸೆಲ್ ಹೇರಿಕೊಂಡು, ಮೂರು ಪದರದ ಪೆಟ್ಟಿಗೆ ಮೊದಲಿನಷ್ಟು ನಿಲ್ಲುತ್ತದೆ ಎಂದು ನಾನು ನಂಬುವುದಿಲ್ಲ.

ಮೆತ್ತೆಗೆ ದಪ್ಪ ಖಾಕಿ ಕಾಗದ, ಕೈಯಲ್ಲಿ ಹಿಂಡಿ ಉಂಡೆ ಮಾಡಿದ್ದು. ಥರ್ಮಾಕೋಲ್ ಗುಂಡು ಬೇಡ. ಅಲುಗಾಟಕ್ಕೆ ಅವು ಪಕ್ಕಕ್ಕೆ ಸರಿದು ಒಳಪೆಟ್ಟಿಗೆ ನಿಧಾನಕ್ಕೆ ತಳಕ್ಕೆ ಇಳಿಯುತ್ತದೆ.

ಭತ್ತದ ಹುಲ್ಲು ನಮ್ಮಲ್ಲಿ ಗಾಜಿನ ಸಾಮಾನಿಗೆ ಹಾಕುವ ಒಳ್ಳೆಯ ಮೆತ್ತೆ. ಆಸ್ಟ್ರೇಲಿಯಾಕ್ಕೆ ಅದನ್ನು ಹಾಕಿದರೆ ಪಾರ್ಸೆಲ್ ಅಲ್ಲೇ ನಿಲ್ಲುತ್ತದೆ. ಹಣ್ಣಿನ ಅಂಗಡಿಯಿಂದ ತಂದ ಸೇಬಿನ ಪೆಟ್ಟಿಗೆ, ಮೊಟ್ಟೆಯ ಟ್ರೇ ಕೂಡ ಅಲ್ಲಿ ನಡೆಯುವುದಿಲ್ಲ. ಅಲ್ಲಿನವರಿಗೆ ಬೇರೆ ದೇಶದ ಕೀಟ, ರೋಗ, ಬೀಜ ಒಳಗೆ ಬರುವ ಭಯ. ದ್ವೀಪದಂಥ ಖಂಡ, ಬೇಸಾಯ ದೊಡ್ಡದು, ಭಯಕ್ಕೆ ಅರ್ಥ ಇದೆ. ಹೊರಗಿನಿಂದ ಬರುವ ಅಂಚೆಯನ್ನು ಎಕ್ಸ್‌ರೇ ಮತ್ತು ಮೂಸುವ ನಾಯಿಗಳಿಂದ ತಪಾಸಣೆ ಮಾಡುತ್ತಾರೆ.

ರಟ್ಟು ಬಿಟ್ಟು ಮರದ ಪೆಟ್ಟಿಗೆ ಮಾಡಿದರೆ ಹೇಗೆ ಎಂದು ಕೇಳುವವರಿದ್ದಾರೆ. ಬೇಡ. ಆರು ಮಿಲಿಮೀಟರಿಗಿಂತ ದಪ್ಪದ, ಸಂಸ್ಕರಿಸದ ಹಲಗೆಯಲ್ಲಿ ಪ್ಯಾಕ್ ಮಾಡಿದರೆ ಐಎಸ್‌ಪಿಎಂ 15 ನಿಯಮ ಬರುತ್ತದೆ, ಮರದ ಪ್ಯಾಕಿಂಗ್ ಜೊತೆ ಕೀಟ ದೇಶ ದಾಟದಂತೆ ಮಾಡಿದ ಅಂತರರಾಷ್ಟ್ರೀಯ ಕಟ್ಟುಪಾಡು. ಬಿಸಿ ಉಪಚಾರದ ದಾರಿಯಲ್ಲಿ ಹೋದರೆ ಮರದ ನಡುಭಾಗ 56 ಡಿಗ್ರಿಯಲ್ಲಿ ಕನಿಷ್ಠ 30 ನಿಮಿಷ ಇರಬೇಕು, ಅದರ ಮುದ್ರೆ ಪೆಟ್ಟಿಗೆಯ ಮೇಲೆ ಇರಬೇಕು. ಪ್ಲೈವುಡ್‌ಗೆ ಆ ನಿಯಮ ಇಲ್ಲ. ಆದರೆ ಅದರ ತೂಕಕ್ಕೆ 2 ಕೆಜಿ ಮಿತಿ ಎಲ್ಲಿ ಸಾಲುತ್ತದೆ?

ಟೇಪ್ ಹಚ್ಚುವುದು ಇಂಗ್ಲಿಷಿನ ಎಚ್ ಅಕ್ಷರದ ಆಕಾರದಲ್ಲಿ. ನಡುವಿನ ಸೀಳಿಗೆ ಒಂದು, ಎರಡು ಅಂಚಿಗೆ ಒಂದೊಂದು. ಮೇಲೂ ಕೆಳಗೂ. ಪೆಟ್ಟಿಗೆಯ ಅಂಚು ದಾಟಿ ಟೇಪು ಕನಿಷ್ಠ ಐದು ಸೆಂಟಿಮೀಟರ್ ಇಳಿಯಬೇಕು. ಇಡೀ ಪೆಟ್ಟಿಗೆಗೆ ಬ್ಯಾಂಡೇಜಿನ ಹಾಗೆ ಟೇಪ್ ಸುತ್ತುವುದರಿಂದ ಬಲ ಬರುವುದಿಲ್ಲ, ಕಸ್ಟಮ್ಸ್‌ನವರು ತೆರೆದು ಮತ್ತೆ ಮುಚ್ಚುವಾಗ ಪೆಟ್ಟಿಗೆ ಹರಿಯುತ್ತದೆ, ಅಷ್ಟೇ.

ಎತ್ತಿ ಹಾಕಿ ನೋಡುವುದು

ಸಾಗಣೆ ಪರೀಕ್ಷೆಗೆಂದೇ ಇಸ್ಟಾ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಕ್ರಮಗಳಿವೆ. ಅದರ 1ಎ ಕ್ರಮದಲ್ಲಿ ಸುಮಾರು ಒಂಬತ್ತೂವರೆ ಕೆಜಿಯೊಳಗಿನ ಪೆಟ್ಟಿಗೆಯನ್ನು 76 ಸೆಂಟಿಮೀಟರ್ ಎತ್ತರದಿಂದ ಹತ್ತು ಸಲ ಬೀಳಿಸುತ್ತಾರೆ. ಒಂದು ಮೂಲೆ, ಆ ಮೂಲೆಗೆ ಸೇರುವ ಮೂರು ಅಂಚು, ಆಮೇಲೆ ಆರು ಮುಖ. ನಮ್ಮ ಊಟದ ಮೇಜಿನ ಎತ್ತರ ಹೆಚ್ಚುಕಡಿಮೆ ಅಷ್ಟೇ. ಸೆಕೆಂಡ್ಸ್ ಗೊಂಬೆಗಳನ್ನು ತುಂಬಿ ಮೇಜಿನ ಅಂಚಿನಿಂದ ಸಿಮೆಂಟ್ ನೆಲಕ್ಕೆ ಬಿಟ್ಟೆ. ಪ್ರಯೋಗಾಲಯದ ಪರೀಕ್ಷೆಗೆ ಇದು ಸಮ ಅಲ್ಲ, ಆದರೆ ಪೆಟ್ಟಿಗೆಯ ಬಂಡವಾಳ ಗೊತ್ತಾಗುತ್ತದೆ.

ಒಂದು ಉಪಾಯ ಚೆನ್ನಾಗಿ ಕೆಲಸ ಮಾಡಿತು. ಸೊಂಡಿಲು, ಕಿರೀಟ, ಕಳಶ, ವಾದ್ಯ, ಈ ನಾಲ್ಕು ತುದಿಗೂ ಶಾಲೆಯ ಬಣ್ಣದ ಸೀಮೆಸುಣ್ಣ ಉಜ್ಜಿದೆ. ಬೀಳಿಸಿ ತೆರೆದಾಗ ಎಲ್ಲಾದರೂ ರಟ್ಟಿನ ಮೇಲೆ ಸುಣ್ಣದ ಗುರುತು ಇದ್ದರೆ ಆ ತುದಿ ಅಲ್ಲಿಗೆ ಬಡಿದಿದೆ ಎಂದರ್ಥ, ಮುರಿಯದಿದ್ದರೂ. ತೊಟ್ಟಿಲು ಮಾಡಿದ ಮೇಲೆ ಸೊಂಡಿಲಿನ ಕಡೆ ಗುರುತಿಲ್ಲ. ಆದರೆ ರಾಜನ ಕಿರೀಟ ತಲೆಯ ಕಡೆಯ ಗೋಡೆಗೆ ನೀಲಿ ಚುಕ್ಕೆ ಹಚ್ಚಿತ್ತು. ಪೀಠದ ಹಿಂದಿನ ಆನಿಕೆ ಸರಿದಿತ್ತು. ಅದನ್ನು ಗೋಡೆಗೆ ಸೀಳು ಹಾಕಿ ಸಿಕ್ಕಿಸಿದೆ, ಮತ್ತೆ ಬೀಳಿಸಿದೆ, ಚುಕ್ಕೆ ಬರಲಿಲ್ಲ. ಅದುರಾಟಕ್ಕೆ ಬೇರೆ ಯಂತ್ರ ಬೇಕಿರಲಿಲ್ಲ. ಪೆಟ್ಟಿಗೆಯನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು ನಮ್ಮ ಬಡಾವಣೆಯ ಅಗೆದು ಬಿಟ್ಟ ರಸ್ತೆಯಲ್ಲಿ ಸುತ್ತಿದೆ. ಆ ರಸ್ತೆಯಿಂದ ಆದ ಒಂದೇ ಉಪಕಾರ ಇದು.

ಎಲ್ಲ ಸೇರಿ ತೂಕ: ಗೊಂಬೆ 850, ಒಳಪೆಟ್ಟಿಗೆ ಮತ್ತು ಪಟ್ಟಿಗಳು ನೂರರ ಆಸುಪಾಸು, ಹೊರಪೆಟ್ಟಿಗೆ 440, ಕಾಗದ 200, ಸುತ್ತಿದ್ದು, ಚೀಲ, ಟೇಪು 60. ಒಟ್ಟು 1,650 ಗ್ರಾಂ. ಮಿತಿಗೆ ಇನ್ನೂ 350 ಗ್ರಾಂ ಬಾಕಿ.

ಒಳಗೆ ಏನು ಹಾಕಲಿಲ್ಲ

ಆ ಬಾಕಿ ತೂಕ ಕಂಡರೆ ಕೈ ಸುಮ್ಮನಿರುವುದಿಲ್ಲ. ಗೊಂಬೆ ಕೂರಿಸುವವರಿಗೆ ಅರಿಶಿನ-ಕುಂಕುಮ, ಒಂದು ಹಿಡಿ ನವಧಾನ್ಯ, ಕೃಷ್ಣನಿಗೆ ಒಂದು ನವಿಲುಗರಿ ಹಾಕೋಣ ಅನ್ನಿಸುತ್ತದೆ. ಕೊಂಡವರೂ ಕೇಳಿದ್ದರು, "ಆಂಟಿ, ನವಧಾನ್ಯ ಒಂಚೂರು ಹಾಕ್ತೀರಾ? ಇಲ್ಲಿ ಹುಡುಕ್ಬೇಕು." ಇಲ್ಲ ಎಂದೆ. ಮೊಳೆಯುವ ಬೀಜವೇ ಅಲ್ಲಿನ ತಪಾಸಣೆಯವರು ಮೊದಲು ಹುಡುಕುವುದು. ಅದೊಂದು ಹಿಡಿಗಾಗಿ ಇಡೀ ಪಾರ್ಸೆಲ್ ತಡೆದು ಇಟ್ಟುಕೊಳ್ಳಬಹುದು. ನವಿಲುಗರಿಯ ರಫ್ತನ್ನು ನಮ್ಮ ದೇಶವೇ ನಿಷೇಧಿಸಿದೆ. ಬೀಜದ ಮಣಿಸರ ಬೇಡ. ಗೊಂಬೆಯ ಮೆಟ್ಟಿಲಿಗೆ ಮಿನುಗುವ ದೀಪದ ಸರವೂ ಬೇಡ, ಅದರ ಜೊತೆ ಬರುವ ಲಿಥಿಯಂ ಸೆಲ್ಲಿಗೆ ವಿಮಾನದ ಅಂಚೆಯಲ್ಲಿ ಬೇರೆಯೇ ಕಟ್ಟುಪಾಡು. ರಾಜ-ರಾಣಿಗೆ ಉಡಿಸಲು ಎರಡು ತುಂಡು ಮೈಸೂರು ರೇಷ್ಮೆ ಜರಿ ಅಂಚು ಹಾಕಿದೆ, ಅದನ್ನು ಕಾಗದದಲ್ಲೂ ಬರೆದೆ.

ಗೊಂಬೆಗಳನ್ನೂ ಒಂದೊಂದಾಗಿ ತಳ ತಿರುಗಿಸಿ ನೋಡಬೇಕು. ತಳಕ್ಕೆ ಅರಗು ಹಚ್ಚಿರುವುದಿಲ್ಲ, ಬರೀ ಮರ ಕಾಣುತ್ತದೆ. ಅಲ್ಲಿ ಸೂಜಿ ಚುಚ್ಚಿದಂಥ ತೂತು, ಪಕ್ಕದಲ್ಲಿ ಹಿಟ್ಟಿನಂಥ ಪುಡಿ ಇದ್ದರೆ ಒಳಗೆ ಹುಳ ಇದೆ. ಆಸ್ಟ್ರೇಲಿಯಾದವರು ಮರದ ಸಾಮಾನು ತೊಗಟೆ ಇಲ್ಲದೆ, ಜೀವಂತ ಹುಳ ಇಲ್ಲದೆ, ಹುಳ ಕೊರೆದ ಗುರುತು ಇಲ್ಲದೆ ಬರಬೇಕು ಎನ್ನುತ್ತಾರೆ. ಇದ್ದರೆ ಉಪಚಾರಕ್ಕೆ ಕಳಿಸಬೇಕು, ಇಲ್ಲವೇ ವಾಪಸ್ಸು, ಇಲ್ಲವೇ ನಾಶ. ಖರ್ಚು ಕೊಂಡವರ ತಲೆಗೆ. ಅನುಮಾನ ಬಂದ ಒಬ್ಬ ಡೋಲಿನವನನ್ನು ಬದಲಾಯಿಸಿದೆ.

ಕಾಗದದ ಕೆಲಸ

ಉಡುಗೊರೆ ಕಳಿಸುವುದು ಬೇರೆ, ಮಾರಿ ಕಳಿಸುವುದು ಬೇರೆ. ಮಾರುವವರಿಗೆ ಐಇಸಿ ಬೇಕು, ಅಂದರೆ ಆಮದು-ರಫ್ತು ಮಾಡುವವರ ಸಂಖ್ಯೆ. ಡಿಜಿಎಫ್‌ಟಿ (ವಿದೇಶ ವ್ಯಾಪಾರದ ಕೇಂದ್ರ ಇಲಾಖೆ) ಜಾಲತಾಣದಲ್ಲಿ 500 ರೂಪಾಯಿ ಕಟ್ಟಿ ಪ್ಯಾನ್ ಮೇಲೆ ಮಾಡಿಸಬಹುದು. ಅಂಚೆಯಲ್ಲಿ ರಫ್ತು ಮಾಡಲು 2022ರ ನಿಯಮದಂತೆ ಪೋಸ್ಟಲ್ ಬಿಲ್ ಆಫ್ ಎಕ್ಸ್‌ಪೋರ್ಟ್ ಎಂಬ ರಫ್ತಿನ ಘೋಷಣೆಯನ್ನು ಆನ್‌ಲೈನ್‌ನಲ್ಲಿ ತುಂಬಬೇಕು. ಇದಕ್ಕೆಂದೇ ಅಂಚೆ ಇಲಾಖೆಯ ಡಾಕ್ ಘರ್ ನಿರ್ಯಾತ್ ಕೇಂದ್ರಗಳಿವೆ. ಮನೆಯಲ್ಲೇ ತುಂಬಿ, ಲೇಬಲ್ ಮುದ್ರಿಸಿ, ಅಲ್ಲಿಗೆ ಒಯ್ದು ಕೊಟ್ಟರೆ ಆಯಿತು.

ಪೆಟ್ಟಿಗೆಯ ಮೇಲಿನ ಕಸ್ಟಮ್ಸ್ ಚೀಟಿ ಸಿಎನ್ 22. ಬೆಲೆ 300 ಎಸ್‌ಡಿಆರ್ ದಾಟಿದರೆ ಸಿಎನ್ 23. ಎಸ್‌ಡಿಆರ್ ಎಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ನಾಣ್ಯ, ಅಂಚೆಯವರು ಈಗಲೂ ಅದರಲ್ಲೇ ಮಾತಾಡುತ್ತಾರೆ. ಈ ಚೀಟಿಯ ಒಂದು ಸಾಲಿಗೆ ನಾನು ಹೆಚ್ಚು ಹೊತ್ತು ಕೊಡುತ್ತೇನೆ: ಒಳಗೇನಿದೆ ಎಂಬ ಸಾಲು.

ಕೌಂಟರಿನಲ್ಲಿ ಮೊದಲ ಪ್ರಶ್ನೆಯೇ ಅದು.

"ಮೇಡಂ, ಒಳಗೇನಿದೆ? ಹ್ಯಾಂಡಿಕ್ರಾಫ್ಟ್ ಅಂತ ಹಾಕ್ಲಾ?"

"ಬೇಡ ಸರ್. ಮರದ ಗೊಂಬೆ, ಅರಗಿನ ಬಣ್ಣ ಹಾಕಿದ್ದು, ಅಲಂಕಾರಕ್ಕೆ, ಏಳು. ಅಷ್ಟೂ ಇರಲಿ."

"ಅಷ್ಟೆಲ್ಲ ಯಾಕೆ ಮೇಡಂ?"

ಯಾಕೆಂದರೆ ಆ ಸಾಲನ್ನು ಓದುವುದು ಅವರಲ್ಲ. ಮೆಲ್ಬರ್ನ್‌ನಲ್ಲಿ ಎಕ್ಸ್‌ರೇ ಪರದೆಯ ಮುಂದೆ ಕೂತವರಿಗೆ ಚನ್ನಪಟ್ಟಣವೂ ಗೊತ್ತಿಲ್ಲ, ಪಟ್ಟದ ಗೊಂಬೆಯೂ ಗೊತ್ತಿಲ್ಲ. ಹ್ಯಾಂಡಿಕ್ರಾಫ್ಟ್ ಎಂದರೆ ಮಣ್ಣೋ, ಹುಲ್ಲೋ, ಚರ್ಮವೋ? ಗೊತ್ತಾಗದಿದ್ದರೆ ತೆರೆದು ನೋಡುತ್ತಾರೆ. ಯಾವುದರಿಂದ ಮಾಡಿದ್ದು, ಯಾಕೆ ಬಳಸುವುದು, ಎಷ್ಟು, ಇವಿಷ್ಟೂ ಇದ್ದರೆ ಪರದೆಯ ಮೇಲಿನ ನೆರಳಿಗೂ ಕಾಗದಕ್ಕೂ ತಾಳೆ ಬೀಳುತ್ತದೆ. ಎಚ್‌ಎಸ್ ಕೋಡ್ ಕೂಡ ಹಾಕಬೇಕು, ಅಂದರೆ ಸಾಮಾನು ಯಾವ ಬಗೆಯದು ಎಂದು ಕಸ್ಟಮ್ಸ್‌ನವರು ಗುರುತಿಸುವ ಸಂಖ್ಯೆ. ಗೊಂಬೆ, ಆಟಿಕೆಗೆ 9503. ಮರದ ಅಲಂಕಾರದ ಬೇರೆ ಸಾಮಾನು, ಉದಾಹರಣೆಗೆ ಕುಂಕುಮದ ಭರಣಿ, 4420ರ ಕಡೆಗೆ ಹೋಗುತ್ತದೆ. ಎಲ್ಲ ಕಾಗದದಲ್ಲೂ ಒಂದೇ ಕೋಡ್, ಒಂದೇ ವಿವರ, ಒಂದೇ ಬೆಲೆ ಇರಬೇಕು.

ಬೆಲೆ ಕಡಿಮೆ ಬರೆಯಿರಿ, ಗಿಫ್ಟ್ ಎಂದು ಗುರುತು ಹಾಕಿ ಎನ್ನುವ ಕೊಳ್ಳುವವರು ಸಿಗುತ್ತಾರೆ. ನಾನು ಒಪ್ಪುವುದಿಲ್ಲ. ಸುಳ್ಳು ಎಂಬುದು ಒಂದು ಕಡೆ ಇರಲಿ, ಪಾರ್ಸೆಲ್ ಕಳೆದರೆ ಪರಿಹಾರ ಲೆಕ್ಕ ಹಾಕುವಾಗ ಆ ಬರೆದ ಬೆಲೆಯೇ ಕುತ್ತಿಗೆಗೆ ಬರುತ್ತದೆ. ಆಸ್ಟ್ರೇಲಿಯಾಕ್ಕಂತೂ ಅದರಿಂದ ಲಾಭವೂ ಇಲ್ಲ. 1,000 ಆಸ್ಟ್ರೇಲಿಯನ್ ಡಾಲರ್‌ವರೆಗಿನ ಸಾಮಾನಿಗೆ 2018ರ ಜುಲೈ 1ರಿಂದ ಶೇ. 10 ಜಿಎಸ್‌ಟಿ ಇದೆ. ಆದರೆ ಅದನ್ನು ಗಡಿಯಲ್ಲಿ ಹಿಡಿಯುವುದಿಲ್ಲ, ದೊಡ್ಡ ಮಾರಾಟ ತಾಣಗಳು ಕೊಳ್ಳುವಾಗಲೇ ವಸೂಲಿ ಮಾಡುತ್ತವೆ. ಅಲ್ಲಿಗೆ ವರ್ಷಕ್ಕೆ 75,000 ಡಾಲರ್ ಮಾರದ ನನ್ನಂಥ ಸಣ್ಣವರು ತಾವಾಗಿ ನೋಂದಾಯಿಸಬೇಕಿಲ್ಲ.

ಬೇರೆ ದೇಶಕ್ಕೆ ಇದೇ ಪೆಟ್ಟಿಗೆ ಹೋದರೂ ಕಾಗದ ಬದಲಾಗುತ್ತದೆ. ಯುರೋಪಿಗೆ 2024ರ ಡಿಸೆಂಬರ್ 13ರಿಂದ, ಮಾರುವ ಸಾಮಾನಿಗೆ ಅಲ್ಲಿಯೇ ಒಬ್ಬ ಹೊಣೆಗಾರರ ಹೆಸರು ಬೇಕು. ಅಮೆರಿಕ 800 ಡಾಲರ್ ಒಳಗಿನ ಪಾರ್ಸೆಲ್‌ಗಿದ್ದ ಸುಂಕ ವಿನಾಯಿತಿಯನ್ನು 2025ರ ಆಗಸ್ಟ್ 29ರಿಂದ ತೆಗೆದಾಗ ನಮ್ಮ ಅಂಚೆ ಅಲ್ಲಿಗೆ ಬುಕಿಂಗನ್ನೇ ಕೆಲಕಾಲ ನಿಲ್ಲಿಸಿ, ಅಕ್ಟೋಬರ್‌ನಲ್ಲಿ ಮತ್ತೆ ಶುರು ಮಾಡಿತು. ಹಾಗಾಗಿ ಹೋದ ವರ್ಷ ಕಳಿಸಿದ ನೆನಪಿನ ಮೇಲೆ ದರ ಹೇಳುವುದನ್ನು ಬಿಟ್ಟಿದ್ದೇನೆ. ಆರ್ಡರ್ ಒಪ್ಪುವ ಮೊದಲು ಆ ವಾರದ ನಿಯಮ ನೋಡುತ್ತೇನೆ.

ಲೇಬಲ್, ನಂಬರ್, ಹೊರಡುವುದು

ಲೇಬಲ್ ಲೇಸರ್ ಪ್ರಿಂಟರ್‌ನದ್ದಾಗಿರಲಿ. ಇಂಕಿನ ಪ್ರಿಂಟರ್‌ನದ್ದು ಮಳೆಹನಿಗೆ ಹರಡುತ್ತದೆ. ದೊಡ್ಡ ಮುಖದ ಮೇಲೆ, ಟೇಪಿನ ಸೀಳಿನ ಮೇಲೆ ಅಲ್ಲ, ಸ್ವಚ್ಛ ಪಾಲಿಥಿನ್ ಲಕೋಟೆಯಲ್ಲಿ. ಬಾರ್‌ಕೋಡ್ ಅಂಚಿನಲ್ಲಿ ಮಡಚಬಾರದು. ಆಸ್ಟ್ರೇಲಿಯಾದ ಪಿನ್‌ಕೋಡ್ ನಾಲ್ಕೇ ಅಂಕಿ. ಊರು, ರಾಜ್ಯದ ಚುಟುಕು, ಪಿನ್‌ಕೋಡ್ ಒಂದೇ ಸಾಲಿನಲ್ಲಿ, ಕೊನೆಯ ಸಾಲಿನಲ್ಲಿ ದೇಶ ಮಾತ್ರ. ಕೊಂಡವರ ಫೋನ್, ಇಮೇಲ್ ಎರಡೂ ಇರಲಿ.

ಸಿಗುವ ಟ್ರ್ಯಾಕಿಂಗ್ ನಂಬರ್ ಹದಿಮೂರು ಸ್ಥಾನದ್ದು: ಮೊದಲು ಎರಡು ಅಕ್ಷರ, ಒಂಬತ್ತು ಅಂಕಿ, ಕೊನೆಗೆ ಭಾರತದ ಐಎನ್. ಒಂಬತ್ತನೇ ಅಂಕಿ ಸುಮ್ನೆ ಬಂದದ್ದಲ್ಲ, ಅದು ಮೊದಲ ಎಂಟರ ಕಾವಲು. ಎಂಟು ಅಂಕಿಗಳನ್ನು ಕ್ರಮವಾಗಿ 8, 6, 4, 2, 3, 5, 9, 7ರಿಂದ ಗುಣಿಸಿ ಕೂಡಿ, 11ರಿಂದ ಭಾಗಿಸಿ, ಶೇಷವನ್ನು 11ರಲ್ಲಿ ಕಳೆಯಬೇಕು. 12345678 ಎಂದಿಟ್ಟುಕೊಂಡರೆ ಮೊತ್ತ 204, ಶೇಷ 6, ಕಾವಲು ಅಂಕಿ 5. ಉತ್ತರ 10 ಬಂದರೆ 0, 11 ಬಂದರೆ 5. ವಾಟ್ಸ್ಯಾಪಿನಲ್ಲಿ ಕೊಂಡವರಿಗೆ ನಂಬರ್ ಟೈಪ್ ಮಾಡುವಾಗ ಒಂದಂಕಿ ತಪ್ಪಿದ್ದರೆ ಈ ಲೆಕ್ಕದಲ್ಲಿ ಸಿಕ್ಕಿಬೀಳುತ್ತದೆ. ಫೋಟೋ ಕಳಿಸುವುದು ಇನ್ನೂ ಸುಲಭ, ಗೊತ್ತು. ಲೆಕ್ಕ ಮಾಡುವ ಖುಷಿ ಬೇರೆ.

ಇದೇ ನಂಬರ್ ಆಸ್ಟ್ರೇಲಿಯಾದ ಅಂಚೆಯ ತಾಣದಲ್ಲೂ ಕೆಲಸ ಮಾಡುತ್ತದೆ. ನಮ್ಮ ಕಡೆ ಕಸ್ಟಮ್ಸ್ ದಾಟಿ ವಿಮಾನ ಹತ್ತಿದ ಮೇಲೆ ಇಲ್ಲಿಯ ತಾಣ ತಣ್ಣಗಾಗುತ್ತದೆ, ಆಗ ಅಲ್ಲಿಯದನ್ನು ನೋಡಬೇಕು. ನಡುವೆ ಏನೂ ತೋರಿಸದ ದಿನಗಳು ಬಂದೇ ಬರುತ್ತವೆ, ಕೊಂಡವರಿಗೆ ಅದನ್ನು ಮೊದಲೇ ಹೇಳಿಟ್ಟರೆ ಗಾಬರಿ ಇಲ್ಲ. ಕಳೆದೇ ಹೋಯಿತು ಅನ್ನಿಸಿದರೆ ವಿಚಾರಣೆಗೆ ಅರ್ಜಿ ಕೊಡಲು ಕಳಿಸಿದ ಮರುದಿನದಿಂದ ಆರು ತಿಂಗಳ ಅವಕಾಶ ಇದೆ. ಅದಕ್ಕೆ ಬೇಕಾದ ರಸೀದಿ, ಕಸ್ಟಮ್ಸ್ ಚೀಟಿಯ ನಕಲು, ಪ್ರತಿ ಹಂತದ ಫೋಟೋ, ತಕ್ಕಡಿಯ ಮೇಲಿನ ಪೆಟ್ಟಿಗೆಯ ಫೋಟೋ ಒಂದೇ ಫೋಲ್ಡರಿನಲ್ಲಿ ಹಾಕಿದೆ.

ಪೆಟ್ಟಿಗೆ ಮುಟ್ಟಿತು, ನವರಾತ್ರಿಗೆ ಮೊದಲೇ. ತಪಾಸಣೆಯವರು ತೆರೆದು, ತಮ್ಮ ಟೇಪ್ ಹಚ್ಚಿ ಮುಚ್ಚಿದ್ದರು. ಒಳಪೆಟ್ಟಿಗೆಯ ಪಾಲಿಥಿನ್ ಚೀಲ ಸೀಳಿತ್ತು, ಗೊಂಬೆಗಳು ಏಳೂ ಸರಿ. ತೆರೆಯುವಾಗ ಹಂತಹಂತವಾಗಿ ಫೋಟೋ ತೆಗೆಯಲು ಕೊಂಡವರಿಗೆ ಹೇಳಿದ್ದೆ. ಅದರಲ್ಲಿ ಒಂದು ವಿಷಯ ಕಂಡಿತು. ತಪಾಸಣೆಯವರು ಅಂಬಾರಿಯನ್ನು ತೆಗೆದು ನೋಡಿ, ಎಲ್ಲಿತ್ತೆಂದು ತಿಳಿಯದೆ ಆನೆಯ ಕೋಣೆಗೆ, ಸೊಂಡಿಲಿನ ಮುಂದಿನ ಖಾಲಿ ಜಾಗಕ್ಕೇ ಹಾಕಿದ್ದರು. ಖಾಲಿ ಬಿಟ್ಟ ಜಾಗ ಕಂಡವರಿಗೆ ಸಾಮಾನು ಇಡುವ ಜಾಗದಂತೆ ಕಾಣುತ್ತದೆ, ಅವರದೇನೂ ತಪ್ಪಿಲ್ಲ. ಈಗ ಕಟ್ಟುತ್ತಿರುವ ಮುಂದಿನ ಪೆಟ್ಟಿಗೆಯಲ್ಲಿ ಸೊಂಡಿಲಿನ ಮೇಲೆ ರಟ್ಟಿನದೇ ಒಂದು ಮುಚ್ಚಳ ಬಂದಿದೆ, ಖಾಲಿ ಬಿಡಿ ಎಂದು ಇಂಗ್ಲಿಷಿನಲ್ಲಿ ಬರೆದು. ಪ್ರತಿ ಗೂಡಿನ ತಳದಲ್ಲಿ ಅಲ್ಲಿ ಕೂರುವ ಗೊಂಬೆಯ ಚಿತ್ರವನ್ನೂ ಪೆನ್ಸಿಲಿನಲ್ಲಿ ಬರೆದಿದ್ದೇನೆ. ತೂಕ ಹನ್ನೆರಡು ಗ್ರಾಂ ಹೆಚ್ಚಿತು.